ಎಂಆರ್‌ಐ ನೋಡಿ ಹೆದರಬೇಡಿ, ಮೊದಲು ತೊಡೆ ಅಳೆಯಿರಿ

ಪ್ರಶ್ನೆ: ನನಗೆ 47 ವರ್ಷ. ಎಂಟು ವರ್ಷದಿಂದ ಸೈಕಲ್ ಹೊಡೆಯುತ್ತಿದ್ದೇನೆ, ವಾರಕ್ಕೆ 180ರಿಂದ 200 ಕಿ.ಮೀ. ಐದು ತಿಂಗಳಿಂದ ಬಲ ಮಂಡಿಯ ಒಳಪಕ್ಕದಲ್ಲಿ ನೋವು. 30 ಕಿ.ಮೀ. ದಾಟಿದ ಮೇಲೆ ಶುರುವಾಗುತ್ತದೆ, ಏರು ಬಂದರೆ ಜಾಸ್ತಿ. ಮೆಟ್ಟಿಲು ಇಳಿಯುವಾಗಲೂ ಚುಳ್ ಎನ್ನುತ್ತದೆ. ಬಿದ್ದಿಲ್ಲ, ಕಾಲು ತಿರುಚಿಕೊಂಡಿಲ್ಲ. ಎಂಆರ್‌ಐ ವರದಿಯಲ್ಲಿ ‘ಒಳಪಕ್ಕದ ಮೆನಿಸ್ಕಸ್‌ನ ಹಿಂಭಾಗದಲ್ಲಿ ಗ್ರೇಡ್ 3 ಸೀಳು, ಸ್ವಲ್ಪ ಸವಕಳಿ’ ಎಂದಿದೆ. ಒಬ್ಬ ಡಾಕ್ಟರ್ ಕೀಹೋಲ್ ಆಪರೇಷನ್ ಮಾಡಿಸಿಕೊಳ್ಳಿ, ಮೂರೇ ವಾರದಲ್ಲಿ ಸೈಕಲ್ ಹತ್ತಬಹುದು ಎಂದರು. ಇನ್ನೊಬ್ಬರು ಆಪರೇಷನ್ ಬೇಡ, ಆದರೆ ಸೈಕಲ್ ಮಾರಿಬಿಡಿ ಎಂದರು. ನಾಲ್ಕು ತಿಂಗಳ ನಂತರದ 200 ಕಿ.ಮೀ. ರೈಡ್‌ಗೆ ಹೆಸರು ಕೊಟ್ಟಿದ್ದೇನೆ. ಯಾರ ಮಾತು ಕೇಳಲಿ? ಅಂದಹಾಗೆ, ನೋವು ಶುರುವಾಗುವ ಕೆಲವು ವಾರ ಮೊದಲು ಹೊಸ ಶೂ ತಗೊಂಡು, ಅದರ ಅಡಿಗೆ ಪೆಡಲಿಗೆ ಸಿಕ್ಕಿಸುವ ಹೊಸ ಕ್ಲೀಟ್ ಹಾಕಿಸಿದ್ದೆ. ಕೆಂಪು ಬಣ್ಣದ್ದು. ಅದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ.

ಉತ್ತರ: ಕೊನೆಯಲ್ಲಿ ‘ಅಂದಹಾಗೆ’ ಎಂದು ಬರೆದಿದ್ದೀರಲ್ಲ, ಅದನ್ನು ಮರೆಯಬೇಡಿ. ಅಲ್ಲಿಗೆ ಆಮೇಲೆ ಬರುತ್ತೇನೆ. ನನ್ನ ಬಳಿ ಬರುವವರೂ ಅಷ್ಟೇ, ಎದ್ದು ಬಾಗಿಲ ಹತ್ತಿರ ಹೋದ ಮೇಲೆ ತಿರುಗಿ ಒಂದು ಮಾತು ಹೇಳುತ್ತಾರೆ. ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ನಾನು ಆಪರೇಷನ್ ಮಾಡುವ ಡಾಕ್ಟರ್ ಅಲ್ಲ, ಫಿಸಿಯೋಥೆರಪಿಸ್ಟ್. ಅವರ ಕೆಲಸ ಮುಗಿದ ಮೇಲೆ ಮಂಡಿ ನನ್ನ ಕೈಗೆ ಬರುತ್ತದೆ. ಸೈಕಲ್ ಹುಚ್ಚು ನನಗೂ ಇದೆ, ನನ್ನ ಎಡ ಮಂಡಿಗೂ ಒಮ್ಮೆ ಕತ್ತರಿ ಬಿದ್ದಿದೆ. ಹಾಗಾಗಿ ಸಲಹೆ ಕೊಡುವ ಕಷ್ಟವೂ ಗೊತ್ತು, ಅದನ್ನು ಪಾಲಿಸುವ ಕಷ್ಟವೂ ಗೊತ್ತು.

ಮೊದಲು ಆ ವರದಿ. ಮೆನಿಸ್ಕಸ್ ಅಂದರೆ ತೊಡೆ ಮೂಳೆಗೂ ಕಾಲಿನ ಮೂಳೆಗೂ ನಡುವೆ ಕೂತಿರುವ ಅರ್ಧಚಂದ್ರದಂಥ ಮೆತ್ತೆ. ಒಂದು ಮಂಡಿಗೆ ಎರಡು. ‘ಗ್ರೇಡ್ 3’ ಎಂದ ತಕ್ಷಣ ಮೂರನೇ ಹಂತದ ಕಾಯಿಲೆ ಎಂದುಕೊಂಡು ಬಹಳ ಜನ ಕಂಗಾಲಾಗುತ್ತಾರೆ. ಅದರ ಅರ್ಥ ಅಷ್ಟೇನೂ ಭಯಂಕರವಲ್ಲ. ಚಿತ್ರದಲ್ಲಿ ಕಾಣುವ ಬಿಳಿ ಗೆರೆ ಮೆತ್ತೆಯ ಮೇಲ್ಮೈವರೆಗೆ ಬಂದಿದೆ, ಅಂದರೆ ಅದು ನಿಜಕ್ಕೂ ಹರಿದಿದೆ ಎಂದಷ್ಟೇ. ಎಷ್ಟು ತೊಂದರೆ ಕೊಡುತ್ತದೆ ಎಂದು ಆ ಸಂಖ್ಯೆ ಹೇಳುವುದಿಲ್ಲ.

ವಯಸ್ಸಾದಂತೆ ಈ ಮೆತ್ತೆ ಒಣಗಿ ಸೀಳುವುದು ಮಾಮೂಲು. 2008ರಲ್ಲಿ ಅಮೆರಿಕದಲ್ಲಿ ಸುಮಾರು ಒಂದು ಸಾವಿರ ಜನರ ಮಂಡಿಗಳನ್ನು ಎಂಆರ್‌ಐ ಮಾಡಿ ನೋಡಿದರು. ನೋವಿದ್ದವರನ್ನು ಹುಡುಕಿ ಆರಿಸಿದ್ದಲ್ಲ, 50 ದಾಟಿದ ಸಾಮಾನ್ಯ ಜನ. ಮೆನಿಸ್ಕಸ್ ಹರಿದಿದ್ದವರಲ್ಲಿ ನೂರಕ್ಕೆ 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿ ನೋವೇ ಇರಲಿಲ್ಲ. ನಿಮ್ಮ ಎಡ ಮಂಡಿಯನ್ನೂ ಎಂಆರ್‌ಐ ಮಾಡಿಸಿದರೆ ಅಲ್ಲೂ ಒಂದು ಸೀಳು ಸಿಕ್ಕರೆ ನನಗೇನೂ ಆಶ್ಚರ್ಯವಾಗದು. ಮಾಡಿಸಲು ಹೋಗಬೇಡಿ ಮತ್ತೆ!

ಹಾಗಾದರೆ ಹರಿದಿದ್ದನ್ನು ಕತ್ತರಿಸಿ ತೆಗೆದರೆ ನೋವು ಹೋಗುವುದಿಲ್ಲವೇ? ಫಿನ್ಲೆಂಡಿನ ಡಾಕ್ಟರುಗಳು ಇದನ್ನು ಬಹಳ ಧೈರ್ಯದ ರೀತಿಯಲ್ಲಿ ಪರೀಕ್ಷಿಸಿದರು. ನಿಮ್ಮಂತೆಯೇ ಪೆಟ್ಟು ಬೀಳದೆ ಮೆನಿಸ್ಕಸ್ ಹರಿದ, ಸವಕಳಿ ದೊಡ್ಡದಾಗಿಲ್ಲದ 146 ಜನ. ಅರ್ಧ ಜನಕ್ಕೆ ನಿಜವಾದ ಕೀಹೋಲ್ ಆಪರೇಷನ್. ಉಳಿದವರಿಗೆ ಸುಳ್ಳು ಆಪರೇಷನ್. ರಂಧ್ರ ಮಾಡಿ ಒಳಗೆಲ್ಲ ನೋಡಿದರು, ಉಪಕರಣಗಳ ಸದ್ದು ಮಾಡಿದರು, ಮೆನಿಸ್ಕಸ್ ಮುಟ್ಟಲಿಲ್ಲ, ಹೊಲಿಗೆ ಹಾಕಿ ಕಳಿಸಿದರು. ಯಾರಿಗೆ ಯಾವುದು ಆಗಿದೆ ಎಂದು ರೋಗಿಗೆ ಹೇಳಲಿಲ್ಲ. ಒಂದು ವರ್ಷದ ನಂತರ ನೋಡಿದರೆ ಎರಡೂ ಗುಂಪು ಒಂದೇ ಸಮ ಸುಧಾರಿಸಿತ್ತು. ಇದು ಪ್ರಕಟವಾಗಿದ್ದು 2013ರಲ್ಲಿ. 2016ರಲ್ಲಿ ನಾರ್ವೆಯವರು ಇಂಥದೇ 140 ಜನರಲ್ಲಿ ಆಪರೇಷನ್ನಿನ ಎದುರು 12 ವಾರಗಳ ವ್ಯಾಯಾಮ ಇಟ್ಟು ನೋಡಿದರು. ಎರಡು ವರ್ಷದ ನಂತರ ವ್ಯತ್ಯಾಸ ಇಲ್ಲ. ಮೂರನೇ ತಿಂಗಳಲ್ಲಂತೂ ವ್ಯಾಯಾಮ ಮಾಡಿದವರ ತೊಡೆಯೇ ಜಾಸ್ತಿ ಗಟ್ಟಿಯಾಗಿತ್ತು. ಪೂರ್ತಿ ಹೇಳಬೇಕೆಂದರೆ, ವ್ಯಾಯಾಮದ ಗುಂಪಿನಲ್ಲಿ ಐವರಲ್ಲಿ ಒಬ್ಬರಷ್ಟು ಜನ ಕೊನೆಗೆ ಆಪರೇಷನ್ ಮಾಡಿಸಿಕೊಂಡರು. ಅಂದರೆ ಆ ಬಾಗಿಲು ಮುಚ್ಚುವುದಿಲ್ಲ. ಮೂರು ತಿಂಗಳು ಬಿಟ್ಟು ತಟ್ಟಿದರೂ ತೆರೆಯುತ್ತದೆ.

ಆದರೆ ಎಲ್ಲ ಸೀಳಿಗೂ ಈ ಮಾತು ಹೊಂದುವುದಿಲ್ಲ, ಇಲ್ಲಿ ಎಚ್ಚರ ಬೇಕು. ಮಂಡಿ ಮಡಚಿದಲ್ಲೇ ಸಿಕ್ಕಿಹಾಕಿಕೊಂಡು ಪೂರ್ತಿ ನೆಟ್ಟಗಾಗದೆ ಹೋದರೆ, ಹರಿದ ತುಂಡು ಕೀಲಿನ ಮಧ್ಯೆ ಸಿಕ್ಕಿದೆ ಎಂದರ್ಥ. ಅಂಥವರು ಕಾಯಬಾರದು. ಬಿದ್ದೋ ತಿರುಚಿಯೋ ‘ಟಪ್’ ಎಂದು ಸದ್ದಾಗಿ, ಕೆಲವೇ ಗಂಟೆಗಳಲ್ಲಿ ಮಂಡಿ ಬಲೂನಿನಂತೆ ಊದಿಕೊಂಡರೂ ಬೇಗ ತೋರಿಸಬೇಕು. ಕಿರಿಯರ ಹೊಸ ಸೀಳನ್ನು ಹೊಲಿದು ಉಳಿಸಿಕೊಳ್ಳಲು ಸಾಧ್ಯವಿರುತ್ತದೆ, ತಡವಾದರೆ ಆ ಅವಕಾಶ ಕಮ್ಮಿಯಾಗುತ್ತದೆ. ನಡೆಯುವಾಗ ಮಂಡಿ ಇದ್ದಕ್ಕಿದ್ದಂತೆ ಕುಸಿದರೆ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಪರೀಕ್ಷೆ ಆಗಬೇಕು. ನೀವು ಬರೆದಿದ್ದರಲ್ಲಿ ಇದ್ಯಾವುದೂ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಈಗಲೇ ಆಪರೇಷನ್ ಬೇಡ, ಸೈಕಲ್ ಮಾರುವುದೂ ಬೇಡ. ಹನ್ನೆರಡು ವಾರ ಸೈಕಲ್ಲನ್ನೂ ತೊಡೆಯನ್ನೂ ಸರಿಮಾಡಿ. ಆಮೇಲೂ ಹೀಗೇ ಇದ್ದರೆ ಮತ್ತೆ ಸರ್ಜನ್ ಹತ್ತಿರ ಹೋಗಿ.

ಈಗ ಕೆಂಪು ಕ್ಲೀಟ್. ಅದು ಯಾವ ಕಂಪನಿಯದು ಎಂದು ತಿರುಗಿಸಿ ನೋಡಿ, ಏಕೆಂದರೆ ಬಣ್ಣದ ಲೆಕ್ಕ ಒಬ್ಬೊಬ್ಬರದು ಒಂದೊಂದು. ಶಿಮಾನೋ ರೋಡ್ ಕ್ಲೀಟ್‌ಗಳಲ್ಲಿ ಹಳದಿಗೆ ಹಿಮ್ಮಡಿ 6 ಡಿಗ್ರಿ ಅತ್ತಿತ್ತ ಆಡುತ್ತದೆ, ನೀಲಿಗೆ 2, ಕೆಂಪಿಗೆ ಸೊನ್ನೆ. ಲುಕ್ ಕಿಯೋದಲ್ಲಿ ಇದು ಉಲ್ಟಾ. ಕೆಂಪಿಗೆ 9 ಡಿಗ್ರಿ, ಬೂದು ಬಣ್ಣಕ್ಕೆ ನಾಲ್ಕೂವರೆ, ಕಪ್ಪಿಗೆ ಸೊನ್ನೆ. ನಿಮ್ಮದು ಸೊನ್ನೆಯ ಕೆಂಪಾಗಿದ್ದರೆ ಪಾದಕ್ಕೆ ಅಲುಗಾಡಲು ಜಾಗವೇ ಇಲ್ಲ. ಹಾಕಿದ ಕೋನ ನಿಮ್ಮ ಕಾಲಿಗೆ ಹೊಂದದಿದ್ದರೆ ಆ ತಿರುಚು ಎಲ್ಲಿಗೆ ಹೋಗಬೇಕು? ಪಾದ ಪೆಡಲಿಗೆ ಅಂಟಿದೆ, ಸೊಂಟ ಸೀಟಿಗೆ ಅಂಟಿದೆ. ಮಧ್ಯೆ ಉಳಿದಿದ್ದು ಮಂಡಿ. ನಿಮಿಷಕ್ಕೆ 85 ಸುತ್ತಿನ ಲೆಕ್ಕದಲ್ಲಿ ಒಂದು ಗಂಟೆಗೆ 5,100 ಸಲ ಆ ತಿರುಚು ಮಂಡಿಗೆ ಬೀಳುತ್ತದೆ.

ನಿಮ್ಮ ಪಾದದ ಸಹಜ ಕೋನ ನೋಡುವುದು ಸುಲಭ. ಎತ್ತರದ ಮೇಜಿನ ಅಂಚಿನಲ್ಲಿ ಕೂತು ಕಾಲು ಇಳಿಬಿಡಿ. ಪಾದ ನೆಲಕ್ಕೆ ತಾಗಬಾರದು. ಸ್ವಲ್ಪ ಹೊತ್ತು ಕಾಲು ಆಡಿಸಿ ಸುಮ್ನೆ ಬಿಡಿ, ಆಮೇಲೆ ಬಗ್ಗಿ ನೋಡಿ. ಬಹಳ ಜನರ ಬೆರಳುಗಳು ಸ್ವಲ್ಪ ಹೊರಕ್ಕೆ ನೋಡುತ್ತವೆ, ಎರಡು ಕಾಲು ಒಂದೇ ಥರ ಇರುವುದೂ ಅಪರೂಪ. ಕ್ಲೀಟ್ ಆ ಕೋನಕ್ಕೆ ಹತ್ತಿರ ಇರಬೇಕು, ಜೊತೆಗೆ ಆಡಲು ಜಾಗವೂ ಬೇಕು. ಒಳಪಕ್ಕದ ನೋವಿನವರಲ್ಲಿ ಬೆರಳು ತೀರಾ ಹೊರಕ್ಕೆ ತಿರುಗಿ ಬಿಗಿಯಾದ ಕ್ಲೀಟ್ ನಾನು ಪದೇ ಪದೇ ನೋಡಿದ್ದೇನೆ.

ಸೀಟಿನ ಎತ್ತರವನ್ನೂ ಜೊತೆಗೇ ನೋಡಿಬಿಡಿ, ಹೊಸ ಶೂ ಅಡಿ ದಪ್ಪ ಬೇರೆ ಇದ್ದರೆ ಸೀಟಿನ ಲೆಕ್ಕವೂ ಬದಲಾಗಿರುತ್ತದೆ. ಗೋಡೆಗೆ ಒರಗಿ ಸೈಕಲ್ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿಟ್ಟು, ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ಓರೆಯಾಗದೆ ಕಾಲು ನೆಟ್ಟಗಾಗಬೇಕು. ಆಮೇಲೆ ಎಂದಿನಂತೆ ಪಾದದ ಮುಂಭಾಗ ಪೆಡಲ್ ಮೇಲಿಟ್ಟರೆ ಮಂಡಿ 25ರಿಂದ 35 ಡಿಗ್ರಿ ಮಡಚಿರುತ್ತದೆ. ಅದು ಸರಿಯಾದ ಜಾಗ. ತಗ್ಗಾದರೆ ಮಂಡಿಚಿಪ್ಪಿನ ಸುತ್ತ ನೋವು, ಎತ್ತರವಾದರೆ ಮಂಡಿಯ ಹಿಂದೆ ಎಳೆತ. ಬದಲಾಯಿಸುವಾಗ ಒಂದು ಸಲಕ್ಕೆ 3 ಮಿ.ಮೀ. ಸಾಕು. ಕ್ಲೀಟನ್ನೂ ಸೀಟನ್ನೂ ಒಂದೇ ದಿನ ಬದಲಾಯಿಸಬೇಡಿ, ಯಾವುದರಿಂದ ಏನಾಯಿತು ಎಂದು ತಿಳಿಯದೆ ತಲೆ ಕೆಡುತ್ತದೆ.

ಏರಿನಲ್ಲಿ ನೋವು ಜಾಸ್ತಿ ಎಂದಿರಿ. ದೊಡ್ಡ ಗೇರಿನಲ್ಲಿ ನಿಧಾನಕ್ಕೆ ಒತ್ತಿ ಒತ್ತಿ ಹತ್ತುವ ಅಭ್ಯಾಸ ಇದೆಯಾ? ಅದೇ ಶಕ್ತಿಯಲ್ಲಿ 85 ಸುತ್ತಿನ ಬದಲು 65 ಸುತ್ತು ತುಳಿದರೆ ಪ್ರತಿ ತುಳಿತದ ಭಾರ ಸುಮಾರು ನೂರಕ್ಕೆ 30ರಷ್ಟು ಏರುತ್ತದೆ. ಹಿಂದಿನ ಗಾಲಿಗೆ ದೊಡ್ಡ ಹಲ್ಲುಚಕ್ರ ಇರುವ ಕ್ಯಾಸೆಟ್ (ಗೇರು ಚಕ್ರಗಳ ಗೊಂಚಲು) ಹಾಕಿಸಿ, ನಾಚಿಕೆ ಬೇಡ.

ಇನ್ನು ತೊಡೆ. ಆಪರೇಷನ್ ಆಗಲಿ ಬಿಡಲಿ, ಸೈಕಲ್ ಹೊಡೆಯುವವರು ಏಮಾರುವುದು ಇಲ್ಲೇ. ನೋವಿರುವ ಕಾಲು ಸದ್ದಿಲ್ಲದೆ ಕೆಲಸ ಕಮ್ಮಿ ಮಾಡುತ್ತದೆ. ಓಡುವವರಾದರೆ ಕುಂಟುತ್ತಾರೆ, ಎದುರಿಗಿದ್ದವರಿಗೂ ಕಾಣುತ್ತದೆ. ಸೈಕಲ್ ಮೇಲೆ ಕುಂಟು ಕಾಣುವುದಿಲ್ಲ. ಎರಡೂ ಪೆಡಲ್ ಒಂದೇ ಕ್ರ್ಯಾಂಕಿಗೆ ಸೇರಿವೆ, ಒಳ್ಳೆ ಕಾಲು ಎರಡರ ಕೆಲಸವನ್ನೂ ಮಾಡುತ್ತದೆ, ಸೋಮಾರಿ ಕಾಲು ಸುಮ್ನೆ ಕೂತು ಸುತ್ತುತ್ತದೆ.

ಇದನ್ನು ನನ್ನ ಮೇಲೇ ನೋಡಿದ್ದೇನೆ. ಆಪರೇಷನ್ ಆಗಿ ಐದನೇ ವಾರ. ನೋವಿಲ್ಲ, ಗಾಯ ಒಣಗಿದೆ, ಮಂಡಿ ಚೆನ್ನಾಗಿ ಮಡಚುತ್ತಿದೆ. ರೋಗಿಗಳಿಗೆ ದಿನಾ ಹೇಳುವ ಬುದ್ಧಿಮಾತನ್ನು ಮನೆಯಲ್ಲೇ ಬಿಟ್ಟು 40 ಕಿ.ಮೀ. ಹೋಗಿ ಬಂದೆ. ಆರಾಮಾಗಿತ್ತು. ಮನೆಗೆ ಬಂದು, ಯಾವ ಕಾಲು ಎಷ್ಟು ಶಕ್ತಿ ಹಾಕಿದೆ ಎಂದು ತೋರಿಸುವ ಪವರ್ ಮೀಟರ್ ನೋಡಿದರೆ ನೂರರಲ್ಲಿ ಬಲಗಾಲಿನದು 61, ಎಡಗಾಲಿನದು 39. ರಾತ್ರಿ ಹೊತ್ತಿಗೆ ಮಂಡಿಚಿಪ್ಪಿನ ಎರಡೂ ಪಕ್ಕದ ಗುಳಿ ಮುಚ್ಚಿಹೋಗಿ ಮಂಡಿ ದುಂಡಗಾಗಿತ್ತು. ಅದು ಇಳಿಯಲು ಹತ್ತು ದಿನ ಬೇಕಾಯಿತು.

ಆ ಊತ ಬರೀ ಊತವಲ್ಲ. ಕೀಲಿನಲ್ಲಿ ಸ್ವಲ್ಪ ನೀರು ತುಂಬಿದರೂ ತೊಡೆಯ ಮುಂಭಾಗದ ಸ್ನಾಯುವಿಗೆ ನರದ ಆಜ್ಞೆ ಸರಿಯಾಗಿ ತಲುಪುವುದಿಲ್ಲ. ನೀವು ಎಷ್ಟೇ ಮನಸ್ಸು ಮಾಡಿ ಬಿಗಿ ಹಿಡಿದರೂ ಸ್ನಾಯು ಅರೆಬರೆ ಕೆಲಸ ಮಾಡುತ್ತದೆ. ಊದಿದ ಮಂಡಿಯಲ್ಲಿ ತೊಡೆ ಬೆಳೆಸಲು ಹೋಗುವುದು ತೂತು ಕೊಡದಲ್ಲಿ ನೀರು ತುಂಬಿಸಿದ ಹಾಗೆ.

ಪವರ್ ಮೀಟರ್ ಬೇಕಿಲ್ಲ, ದರ್ಜಿಯ ಟೇಪು ಸಾಕು. ನೆಲದ ಮೇಲೆ ಕಾಲು ಚಾಚಿ ಕೂತು ತೊಡೆ ಸಡಿಲ ಬಿಡಿ. ಮಂಡಿಚಿಪ್ಪಿನ ಮೇಲಂಚಿನಿಂದ 15 ಸೆಂ.ಮೀ. ಮೇಲೆ ಪೆನ್ನಿನಿಂದ ಗುರುತು ಹಾಕಿ ಸುತ್ತಳತೆ ತಗೊಳ್ಳಿ. ಇನ್ನೊಂದು ಕಾಲಿಗೂ ಹಾಗೇ. 1 ಸೆಂ.ಮೀ. ಹೆಚ್ಚುಕಮ್ಮಿಗೆ ತಲೆಕೆಡಿಸಿಕೊಳ್ಳಬೇಡಿ. 2 ಸೆಂ.ಮೀ. ಇದ್ದರೆ ಆ ಕಾಲು ತಿಂಗಳುಗಟ್ಟಲೆಯಿಂದ ಕಳ್ಳಾಟ ಆಡುತ್ತಿದೆ. ಇನ್ನೊಂದು ಪರೀಕ್ಷೆ: ಕುರ್ಚಿಯಿಂದ ಒಂದೇ ಕಾಲಿನಲ್ಲಿ ಎದ್ದು ಕೂರುವುದು. ಎಡಗಾಲಿನಲ್ಲಿ ಹನ್ನೆರಡು ಸಲ ಆಗಿ ಬಲಗಾಲಿನಲ್ಲಿ ಐದಕ್ಕೇ ನಡುಗಿದರೆ ಉತ್ತರ ಸಿಕ್ಕಿತಲ್ವಾ?

ವ್ಯಾಯಾಮ ತುಂಬಾ ಬೇಡ, ವಾರಕ್ಕೆ ಮೂರು ದಿನ ಬಿಡದೆ ಮಾಡಿದರೆ ಸಾಕು. ಒಂದು ಕಾಲಿನಲ್ಲಿ ಕುರ್ಚಿಯಿಂದ ಏಳುವುದು, ಆಗದಿದ್ದರೆ ಕುರ್ಚಿ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಮೆಟ್ಟಿಲಿನಿಂದ ನಾಲ್ಕು ಎಣಿಸುವಷ್ಟು ನಿಧಾನಕ್ಕೆ ಇಳಿಯುವುದು, ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ ಕನ್ನಡಿ ಮುಂದೆ ಮಾಡಿ. ಅಂಗಾತ ಮಲಗಿ ಒಂದು ಕಾಲಿನ ಮೇಲೆ ಸೊಂಟ ಎತ್ತುವುದು. ತುದಿಗಾಲಲ್ಲಿ ನಿಲ್ಲುವುದು. ಸುಲಭವಾದ ಮೇಲೆ ಕೈಯಲ್ಲಿ ಭಾರ ಹಿಡಿಯಿರಿ. ಸೈಕಲ್ ಹೊಡೆದರೆ ಕಾಲಿಗೆ ಬೇರೆ ವ್ಯಾಯಾಮ ಯಾಕೆ ಎಂದು ಕೇಳುವವರಿದ್ದಾರೆ. ಕಳ್ಳಾಟ ಆಡುವ ಕಾಲಿಗೆ ಸೈಕಲ್ ಎಷ್ಟು ಹೊಡೆದರೂ ಒಂದೇ, ಅದು ಅಡಗಿಕೊಳ್ಳುತ್ತದೆ. ಒಂಟಿ ಕಾಲಿನ ಕೆಲಸದಲ್ಲಿ ಅಡಗಲು ಜಾಗವಿಲ್ಲ.

ಈ ಮಧ್ಯೆ ಸೈಕಲ್ ಬಿಡಬೇಡಿ. ವಾರಕ್ಕೆ 100 ಕಿ.ಮೀ.ಗೆ ಇಳಿಸಿ, ಸಮತಟ್ಟಾದ ದಾರಿ, ಹಗುರ ಗೇರು. ನೋವಿಗೆ ಹತ್ತರಲ್ಲಿ ಅಂಕ ಕೊಡಿ. ಮೂರರವರೆಗೆ ಪರವಾಗಿಲ್ಲ, ಆದರೆ ಮರುದಿನ ಬೆಳಿಗ್ಗೆ ಎದ್ದು ಮೊದಲ ಮೆಟ್ಟಿಲು ಇಳಿಯುವಾಗ ಮಂಡಿ ಹಿಂದಿನ ದಿನದಷ್ಟೇ ಇರಬೇಕು. ಬಿಗಿದಿದ್ದರೆ, ಊದಿದ್ದರೆ ನಿನ್ನೆಯದು ಜಾಸ್ತಿಯಾಗಿದೆ. ಹೊರಡುವ ಮೊದಲು ನೋವಿನ ಮಾತ್ರೆ ನುಂಗಿ ಹೋಗುವವರಿಗೆ ಈ ಲೆಕ್ಕವೇ ಸಿಗುವುದಿಲ್ಲ. ಹಾಗೆ ಮಾಡಬೇಡಿ.

‘ಸೈಕಲ್ ಮಾರಿಬಿಡಿ’ ಎಂದವರ ಬಗ್ಗೆ ಎರಡು ಮಾತು. ಮಂಡಿ ಬದಲಿ ಮಾಡುವಾಗ ಒಳಗೆ ಸೆನ್ಸರ್ ಇಟ್ಟು ಅಳೆದ ಲೆಕ್ಕಗಳಿವೆ. ಆರಾಮಾಗಿ ಸೈಕಲ್ ತುಳಿಯುವಾಗ ಕೀಲಿನ ಮೇಲೆ ಬೀಳುವ ಭಾರ ದೇಹದ ತೂಕದಷ್ಟೋ ಅದಕ್ಕಿಂತ ತುಸು ಜಾಸ್ತಿಯೋ, ಅಷ್ಟೇ. ನಡೆಯುವಾಗ ಅದು ಎರಡೂವರೆ ಪಟ್ಟಿನ ಹತ್ತಿರ. ಸೈಕಲ್ ಬಿಡಿಸಿ ವಾಕಿಂಗ್ ಹೋಗಿ ಎನ್ನುವುದರಲ್ಲಿ ಅರ್ಥವಿಲ್ಲ. ಕೀಲಿನ ನುಣುಪು ಪದರಕ್ಕೆ ರಕ್ತನಾಳಗಳಿಲ್ಲ, ಮಂಡಿ ಆಡಿದರೆ ಮಾತ್ರ ಒಳಗಿನ ದ್ರವ ಅದಕ್ಕೆ ಆಹಾರ ಮುಟ್ಟಿಸುತ್ತದೆ. (ಇಷ್ಟು ಹಗುರ ಎಂಬುದೇ ಸೈಕಲ್ಲಿನ ಕೊರತೆ ಕೂಡ. ಬರೀ ಸೈಕಲ್ ಹೊಡೆಯುವವರ ಮೂಳೆ ತೆಳುವಾಗುವುದುಂಟು. ಭಾರ ಎತ್ತುವ ವ್ಯಾಯಾಮಕ್ಕೆ ಅದು ಇನ್ನೊಂದು ಕಾರಣ.)

ಒಂದು ವೇಳೆ ಆಪರೇಷನ್ ಬೇಕೇ ಆಯಿತು ಅನ್ನಿ. ‘ಮೂರು ವಾರ’ ಎಂಬ ಮಾತು ಯಾವ ಆಪರೇಷನ್ನಿಗೆ ಎಂದು ಕೇಳಿ. ಹರಿದ ಅಂಚನ್ನು ಕತ್ತರಿಸಿ ನುಣುಪು ಮಾಡಿದರೆ ಒಂದೆರಡು ವಾರದಲ್ಲಿ ನಿಂತಲ್ಲೇ ತುಳಿಯುವ ಸೈಕಲ್, ನಾಲ್ಕರಿಂದ ಆರು ವಾರಕ್ಕೆ ರಸ್ತೆ. ಹೊಲಿದರೆ ಲೆಕ್ಕ ಬೇರೆ. ನಾಲ್ಕರಿಂದ ಆರು ವಾರ ಮಂಡಿಯನ್ನು 90 ಡಿಗ್ರಿಗಿಂತ ಹೆಚ್ಚು ಮಡಚಬಾರದು ಎನ್ನುತ್ತಾರೆ, ರಸ್ತೆಗೆ ಇಳಿಯಲು ಮೂರು ನಾಲ್ಕು ತಿಂಗಳು. ಮೆನಿಸ್ಕಸ್ ಉಳಿಯುವುದು ಹೊಲಿದರೆ. ಆದರೆ ಬೇಗ ಸೈಕಲ್ ಹತ್ತುವ ಆಸೆಗೆ ಕೆಲವರು ಕತ್ತರಿಸಿಯೇ ಬಿಡಿ ಎನ್ನುತ್ತಾರೆ, ಆ ಸಾಲ ಆಮೇಲೆ ತೀರಿಸಬೇಕಾಗುತ್ತದೆ. ಹೊರ ಅಂಚಿಗೆ ಮಾತ್ರ ರಕ್ತ ಹರಿಯುವುದರಿಂದ ಹೊಲಿಗೆ ಅಲ್ಲೇ ಚೆನ್ನಾಗಿ ಕೂಡುವುದು. ಒಳಗೆ ನೋಡಿದ ಮೇಲೆ ಡಾಕ್ಟರ್ ತೀರ್ಮಾನ ಬದಲಾಗಬಹುದು, ಎರಡಕ್ಕೂ ಸಿದ್ಧರಾಗಿ ಹೋಗಿ. ಮಂಡಿಯೊಳಗಿನ ಮುಂಬದಿಯ ಲಿಗಮೆಂಟ್ (ಎಸಿಎಲ್) ಹೊಸದಾಗಿ ಕಟ್ಟಿಸಿದವರಿಗೆ ಮೊದಲ ತಿಂಗಳೊಳಗೇ ಒಳಾಂಗಣ ಸೈಕಲ್, ರಸ್ತೆಗೆ ಮೂರು ನಾಲ್ಕು ತಿಂಗಳು. ಪೂರ್ತಿ ಮಂಡಿ ಬದಲಿ ಮಾಡಿಸಿದವರೂ ಮೂರು ತಿಂಗಳ ಸುಮಾರಿಗೆ ರಸ್ತೆಗೆ ಬರುತ್ತಾರೆ. ಹಾಗೆ ಹಾಕಿದ ಮಂಡಿಗಳಲ್ಲಿ ನೂರಕ್ಕೆ 82 ಇಪ್ಪತ್ತೈದು ವರ್ಷ ಬಾಳುತ್ತವೆ ಎಂದು 2019ರ ದೊಡ್ಡ ಲೆಕ್ಕವೊಂದು ಹೇಳುತ್ತದೆ.

ಯಾವ ಆಪರೇಷನ್ನೇ ಆದರೂ ಡಾಕ್ಟರ್ ಒಪ್ಪಿದ ಮೇಲೆ ಮೊದಲ ಚಿಂತೆ ಮಂಡಿ ಮಡಚುವುದಲ್ಲ, ಪೂರ್ತಿ ನೆಟ್ಟಗಾಗುವುದು. ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಮಂಡಿಯನ್ನು ಗಾಳಿಯಲ್ಲಿ ಬಿಟ್ಟು ಹತ್ತು ನಿಮಿಷ ಕೂರಿ, ದಿನಕ್ಕೆ ಮೂರು ಸಲ. ಮಂಡಿ ಕೆಳಗೆ ದಿಂಬು ಹಾಯಾಗಿರುತ್ತದೆ, ಆದರೆ ಅದೇ ಶತ್ರು. ಪೆಡಲ್ ಪೂರ್ತಿ ಸುತ್ತಲು ಮಂಡಿ ಸುಮಾರು 105ರಿಂದ 110 ಡಿಗ್ರಿ ಮಡಚಬೇಕು. ಅಲ್ಲಿವರೆಗೆ ತೊಟ್ಟಿಲು ತೂಗಿದಂತೆ ಪೆಡಲನ್ನು ಹಿಂದೆ ಮುಂದೆ ಆಡಿಸಿ. ಮೊದಲ ಪೂರ್ತಿ ಸುತ್ತು ಹೆಚ್ಚಿನವರಿಗೆ ಹಿಮ್ಮುಖವಾಗಿ ಬರುತ್ತದೆ, ಯಾಕೋ ಮುಂದಕ್ಕಿಂತ ಹಿಂದಕ್ಕೆ ಧೈರ್ಯ ಜಾಸ್ತಿ. ಸೊಂಟ ಎತ್ತಿ ಮೋಸ ಮಾಡಬೇಡಿ. ರಸ್ತೆಗೆ ಇಳಿದಾಗ ಮೊದಲ ಕೆಲವು ವಾರ ಸಾದಾ ಪೆಡಲ್ ಇರಲಿ. ಕ್ಲೀಟ್ ಬಿಡಿಸಲು ಹಿಮ್ಮಡಿ ಹೊರಕ್ಕೆ ತಿರುಗಿಸುವ ಆ ಒಂದು ಕ್ಷಣ ಹೊಸ ಹೊಲಿಗೆಗೆ ಒಳ್ಳೆಯದಲ್ಲ. ನಿಂತ ಸೈಕಲ್ಲಿನಿಂದ ಪಕ್ಕಕ್ಕೆ ಉರುಳಿದರೆ ಇನ್ನೂ ಕಷ್ಟ. ಮೀನಖಂಡ ಊದಿ ನೋಯುವುದು, ಏದುಸಿರು, ಜ್ವರ, ಗಾಯದಿಂದ ಕೀವು ಇವಕ್ಕೆ ಬೆಳಗಾಗುವವರೆಗೂ ಕಾಯಬಾರದು.

ಇನ್ನು ನಿಮ್ಮ 200 ಕಿ.ಮೀ. ರೈಡ್. ಹೆಸರು ವಾಪಸ್ ತಗೊಳ್ಳಬೇಡಿ, ಹೋಗುತ್ತೇನೆ ಎಂದು ಯಾರಿಗೂ ಮಾತೂ ಕೊಡಬೇಡಿ. ಎರಡು ವಾರ ಮಂಡಿ ಸುಮ್ಮನಿದ್ದರೆ ವಾರಕ್ಕೆ ಹತ್ತು ಹದಿನೈದು ಕಿ.ಮೀ. ಸೇರಿಸುತ್ತಾ ಹೋಗಿ, ಏರು ಕೊನೆಗೆ. ಹನ್ನೆರಡನೇ ವಾರ ಒಂದೇ ದಿನ 120 ಕಿ.ಮೀ. ಹೋಗಿ ಬಂದು ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿದು ನೋಡಿ, ಆಗ ತೀರ್ಮಾನ ಮಾಡೋಣ. ಟೇಪಿನ ಅಳತೆ ಇವತ್ತೇ ತಗೊಂಡು ಎಲ್ಲಾದರೂ ಬರೆದಿಡಿ, ಆಗ ಮತ್ತೆ ಅಳೆದು ನನಗೆ ಬರೆಯಿರಿ. ಎರಡೂ ತೊಡೆಯದು ಬೇಕು, ನೋಯುವ ಕಾಲಿನದು ಮಾತ್ರವಲ್ಲ.